ಓದುಗರ ಪ್ರಶ್ನೆ: ಎರಡಡಿ ಟ್ಯಾಂಕಿನಲ್ಲಿ ಸಮುದ್ರದ ಮೀನು, ಫಿಲ್ಟರ್ ಎಲ್ಲಿಡೋದು?

ಪ್ರಶ್ನೆ: ನಮ್ಮದು ವಿದ್ಯಾನಗರದಲ್ಲಿ ಬಾಡಿಗೆ ಮನೆ. ಹಾಲ್‌ನಲ್ಲಿ ಟಿವಿ ಪಕ್ಕ ಗಾರೆಯ ಕಟ್ಟೆ ಇದೆ, ಎರಡೂವರೆ ಅಡಿ ಉದ್ದ, 15 ಇಂಚು ಅಗಲ. ಅದರ ಮೇಲೆ ಗೋಲ್ಡ್‌ಫಿಶ್ ಸಾಕಿದ್ದ ಹಳೇ ಟ್ಯಾಂಕ್ ಇದೆ: 24 ಇಂಚು ಉದ್ದ, 12 ಅಗಲ, 15 ಎತ್ತರ. ಅದರಲ್ಲಿ ಸಮುದ್ರದ ಮೀನು ಸಾಕುವ ಆಸೆ. ಕೆಳಗೆ ಸಂಪ್ ಅಂತ ಫಿಲ್ಟರ್ ಸಾಮಾನಿಗೆ ಇನ್ನೊಂದು ಟ್ಯಾಂಕ್ ಇಡಲು ಜಾಗವೇ ಇಲ್ಲ. ಅಂಗಡಿಯವರು ಕ್ಯಾನಿಸ್ಟರ್ (ಹೊರಗಿಡುವ ಡಬ್ಬದ ಫಿಲ್ಟರ್) ತಗೊಳ್ಳಿ ಅಂತಾರೆ, ಗೆಳೆಯ ಸ್ಕಿಮ್ಮರ್ (ಗುಳ್ಳೆಯಿಂದ ಕೊಳೆ ತೆಗೆಯುವ ಸಾಧನ) ಇಲ್ಲದೆ ಆಗೋದೇ ಇಲ್ಲ ಅಂತಾನೆ. ಯಾವುದು ಸರಿ?
– ಓದುಗರು, ದಾವಣಗೆರೆ

ಉತ್ತರ: ಎರಡೂ ಬೇಡ, ಸದ್ಯಕ್ಕಂತೂ ಬೇಡ. ನಿಮ್ಮ ಟ್ಯಾಂಕಿಗೆ ಅಂಚಿನವರೆಗೆ ತುಂಬಿದರೆ 70 ಲೀಟರ್ ಹಿಡಿಯುತ್ತದೆ, ಕಲ್ಲು ಹಾಕಿದ ಮೇಲೆ ಉಳಿಯುವುದು ಸುಮಾರು 60. ಇಷ್ಟು ಚಿಕ್ಕ ಟ್ಯಾಂಕಿನಲ್ಲಿ ನಿಜವಾದ ಫಿಲ್ಟರ್ ಅಂದರೆ ತೂತು ತೂತಾದ ಕಲ್ಲು, ಚೆನ್ನಾಗಿ ಓಡಾಡುವ ನೀರು, ಮತ್ತೆ ವಾರಕ್ಕೊಮ್ಮೆ ನೀರು ಬದಲಿಸುವ ನಿಮ್ಮ ಕೈ. ಮಿಕ್ಕ ಸಾಮಾನೆಲ್ಲ ಇದಕ್ಕೆ ಸಹಾಯ ಅಷ್ಟೆ.

ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ಕೂರಲು ಜಾಗ ಬೇಕು, ಉಸಿರಾಡಲು ಆಮ್ಲಜನಕ ಬೇಕು. ಆರೇಳು ಕೆ.ಜಿ. ಒಣ ರೀಫ್ ರಾಕ್ (ಅಂಗಡಿಯಲ್ಲಿ ಸಿಗುವ, ಸಮುದ್ರ ಟ್ಯಾಂಕಿಗೆಂದೇ ಇರುವ ತೂತಿನ ಕಲ್ಲು) ತಂದು, ಗಾಜಿಗೆ ತಾಗದಂತೆ, ಸುತ್ತ ನೀರು ಹರಿಯುವಂತೆ ಸಡಿಲವಾಗಿ ಜೋಡಿಸಿ.

ಇನ್ನು ಜಾಗದ ಲೆಕ್ಕ. ಗಾಜಿನ ಅಂಚಿಗೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರ್ ಅನ್ನು ಎಲ್ಲರೂ ಟ್ಯಾಂಕಿನ ಹಿಂದೆಯೇ ಹಾಕುತ್ತಾರೆ. ನಿಮಗೆ ಹಿಂದೆ ಉಳಿದಿರುವುದು ಮೂರೇ ಇಂಚು, ಹಿಡಿಸುವುದು ಕಷ್ಟ. ಆದರೆ ಪಕ್ಕದಲ್ಲಿ ಆರು ಇಂಚು ಖಾಲಿ ಇದೆ ಅಲ್ವಾ? ಟ್ಯಾಂಕನ್ನು ಒಂದು ಬದಿಗೆ ಸರಿಸಿ, ಫಿಲ್ಟರನ್ನು ಇನ್ನೊಂದು ಬದಿಯ ಗಾಜಿಗೆ ಹಾಕಿ. ಗಂಟೆಗೆ 400ರಿಂದ 500 ಲೀಟರ್ ಎಳೆಯುವುದು ಸಾಕು. ಒಳಗೆ ಮೊದಲು ಕಸ ಹಿಡಿಯಲು ಬಿಳಿ ಫಿಲ್ಟರ್ ವುಲ್, ಆಮೇಲೆ ಬ್ಯಾಕ್ಟೀರಿಯಾ ಕೂರಲು ಸೆರಾಮಿಕ್ ರಿಂಗ್. ವುಲ್ಲನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಹಿಡಿದ ಕಸ ಅಲ್ಲೇ ಕೊಳೆತು ನೈಟ್ರೇಟ್ ಏರುತ್ತದೆ. ಎದುರು ಬದಿಯಲ್ಲಿ ಒಂದು ಚಿಕ್ಕ ವೇವ್ ಮೇಕರ್, ಅಂದರೆ ಒಳಗೇ ನೀರನ್ನು ತಳ್ಳುವ ಪಂಪ್. ಎರಡೂ ಸೇರಿ ಗಂಟೆಗೆ ಸಾವಿರ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಓಡಾಡಿದರೆ ಸರಿ.

ಕ್ಯಾನಿಸ್ಟರ್ ಕೆಟ್ಟದ್ದಲ್ಲ. ಆದರೆ ಅದು ಮುಚ್ಚಿದ ಡಬ್ಬ, ಒಳಗೆ ಏನಾಗಿದೆ ಅಂತ ಕಾಣುವುದಿಲ್ಲ, ಕಾಣದ್ದನ್ನು ಯಾರೂ ತೊಳೆಯುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಗಂಟೆಗಟ್ಟಲೆ ಹೋದರೆ ಒಳಗಿನ ಆಮ್ಲಜನಕ ಖಾಲಿಯಾಗಿ ಬ್ಯಾಕ್ಟೀರಿಯಾ ಸಾಯುತ್ತವೆ, ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರೆಲ್ಲ ಟ್ಯಾಂಕಿಗೆ ನುಗ್ಗುತ್ತದೆ. ಹ್ಯಾಂಗ್ ಆನ್‌ನಲ್ಲಿ ಆ ಭಯ ಕಡಿಮೆ. ಒಂದು ತೊಂದರೆ ಇದೆ: ಕೆಲವು ಮಾದರಿ ಕರೆಂಟ್ ಬಂದ ಮೇಲೆ ತಾನಾಗಿ ನೀರು ಎಳೆಯುವುದಿಲ್ಲ. ಬಕೆಟ್ ಮೇಲೆ ಹಾಕಿ, ಪ್ಲಗ್ ಕಿತ್ತು ಮತ್ತೆ ಚುಚ್ಚಿ ನೋಡಿಯೇ ಕೊಳ್ಳಿ. ಮನೆಯಲ್ಲಿ ಯುಪಿಎಸ್ ಇದ್ದರೆ ಮೊದಲು ವೇವ್ ಮೇಕರ್‌ಗೆ ಕೊಡಿ, ಅದು ತಿನ್ನುವುದು ಕೆಲವೇ ವ್ಯಾಟ್.

ಸ್ಕಿಮ್ಮರ್ ವಿಷಯದಲ್ಲಿ ನಿಮ್ಮ ಗೆಳೆಯ ಪೂರ್ತಿ ತಪ್ಪಲ್ಲ. ಸಣ್ಣ ಸಣ್ಣ ಗುಳ್ಳೆಗಳಿಗೆ ಕರಗಿದ ಕೊಳೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತದೆ, ದೊಡ್ಡ ಟ್ಯಾಂಕಿಗೆ ಬಹಳ ಒಳ್ಳೆಯದು. ನಿಮಗೆ ಮಾತ್ರ ವಾರಕ್ಕೆ ಏಳೆಂಟು ಲೀಟರ್ ನೀರು ಬದಲಿಸಿದರೆ ಅದೇ ಕೆಲಸ ಆಗುತ್ತದೆ, ಅರ್ಧ ಬಕೆಟ್ ಅಷ್ಟೆ.

ನೀರಿಗೆ ಬೋರ್‌ವೆಲ್ ಬೇಡ. ಓಣಿಯ ಶುದ್ಧ ನೀರಿನ ಘಟಕದಿಂದ ತರುತ್ತೀರಾದರೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಹಾಕಿ ನೋಡಿ, ಎಲ್ಲ ಘಟಕದ ನೀರೂ ಒಂದೇ ಥರ ಇರುವುದಿಲ್ಲ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಅಡುಗೆ ಉಪ್ಪು ಹಾಕಬೇಡಿ, ಅದರಲ್ಲಿ ಮೀನಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಮರೈನ್ ಸಾಲ್ಟ್ (ಸಮುದ್ರ ಟ್ಯಾಂಕಿಗೆಂದೇ ಮಾರುವ ಉಪ್ಪು) ಲೀಟರಿಗೆ ಸುಮಾರು 35 ಗ್ರಾಂ ಹಾಕಿ ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.025 ತೋರಿಸಬೇಕು.

ದಾವಣಗೆರೆಯ ಏಪ್ರಿಲ್, ಮೇ ಬಿಸಿಲು ನಿಮಗೇ ಗೊತ್ತು. ನೀರು 24ರಿಂದ 27 ಡಿಗ್ರಿ ಇದ್ದರೆ ಚೆನ್ನ, 30 ದಾಟಿದರೆ ಆಮ್ಲಜನಕ ಕಡಿಮೆಯಾಗಿ ಮೀನು ಏದುಸಿರು ಬಿಡುತ್ತವೆ. ಮುಚ್ಚಳ ತೆಗೆದು ಜಾಲರಿ ಹಾಕಿ, ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆಗ ನೀರು ಬೇಗ ಆರುತ್ತದೆ. ಆರುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ, ಹಾಗಾಗಿ ದಿನಾ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು, ಉಪ್ಪುನೀರಲ್ಲ. ಗಾಜಿನ ಮೇಲೆ ಗೆರೆ ಎಳೆದಿಟ್ಟುಕೊಳ್ಳಿ. ಟಿವಿ ಪಕ್ಕದಲ್ಲೇ ಇಡುತ್ತಿದ್ದೀರಿ, ಉಪ್ಪು ಸಿಡಿಯುತ್ತದೆ, ಟ್ಯಾಂಕಿನ ವೈರನ್ನು ಸಾಕೆಟ್‌ಗಿಂತ ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ತನ್ನಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಎಲ್ಲ ಜೋಡಿಸಿದ ದಿನವೇ ಮೀನು ಬಿಡಬೇಡಿ. ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ನಾಲ್ಕರಿಂದ ಆರು ವಾರ ಓಡಿಸಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲಿ. ಆಮೇಲೆ ಒಂದು ಜೋಡಿ ಕ್ಲೌನ್ ಮೀನು, ಬೇಕಾದರೆ ಒಂದು ಪುಟ್ಟ ಗೋಬಿ ಮೀನು. ಅಷ್ಟೇ. ಅಂಗಡಿಯಲ್ಲಿ ಆ ನೀಲಿ ಟ್ಯಾಂಗ್ ತೋರಿಸಿ ಆಸೆ ಹುಟ್ಟಿಸುತ್ತಾರೆ, ಅದು ಅಡಿಯುದ್ದ ಬೆಳೆಯುವ ಮೀನು, ನಿಮ್ಮ ಟ್ಯಾಂಕಿನಲ್ಲಿ ತಿರುಗಲೂ ಜಾಗ ಸಿಗಲ್ಲ.

ಪ್ರಶ್ನೆ: ನಾನೂ ಚಿಕ್ಕ ಸಮುದ್ರ ಟ್ಯಾಂಕ್ ಮಾಡುತ್ತಿದ್ದೇನೆ. ಅಂಗಡಿ ಕಲ್ಲು ದುಬಾರಿ. ನಮ್ಮೂರ ಸುತ್ತ ಕಲ್ಲಿಗೇನು ಬರ, ಅದನ್ನೇ ಹಾಕಬಹುದಾ? ಕಾರವಾರದಿಂದ ಸಮುದ್ರದ ನೀರನ್ನೇ ತರಿಸಿದರೆ ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ನೀರು ಬೇಡ. ದಡದ ಹತ್ತಿರದ ನೀರಿನಲ್ಲಿ ಕೊಳೆ ಇರುತ್ತದೆ, ಮಳೆಗಾಲದಲ್ಲಿ ಹೊಳೆನೀರು ಸೇರಿ ಉಪ್ಪೂ ಕಡಿಮೆಯಾಗಿರುತ್ತದೆ, ಕ್ಯಾನಿನಲ್ಲಿ ಬರುವಷ್ಟರಲ್ಲಿ ಇನ್ನೂ ಕೆಡುತ್ತದೆ.

ಕಲ್ಲಿನ ವಿಷಯ: ಕೋಟೆ ಸುತ್ತಲಿನ ಬಂಡೆಯಂಥ ಗಟ್ಟಿ ಕಲ್ಲಿನಲ್ಲಿ ತೂತಿಲ್ಲ. ಬ್ಯಾಕ್ಟೀರಿಯಾಕ್ಕೆ ಮೇಲಿನ ಮೈ ಮಾತ್ರ ಸಿಗುತ್ತದೆ, ಸುಮ್ನೆ ಜಾಗ ತಿನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿಯೇ ಇತ್ತು. ಆ ಕಡೆಯ ಹಸಿರು ಛಾಯೆಯ ಕಲ್ಲು ನೋಡಲು ಚೆಂದ, ಆದರೆ ತಾಮ್ರ ಚೂರು ಬಿಟ್ಟರೂ ಸೀಗಡಿ, ಬಸವನಹುಳು, ಹವಳ ಸಾಯುತ್ತವೆ. ದುಡ್ಡು ಉಳಿಸಬೇಕೆಂದರೆ ಕಲ್ಲು ಅರ್ಧ ತಗೊಂಡು, ಮಿಕ್ಕಿದ್ದಕ್ಕೆ ಫಿಲ್ಟರ್‌ನಲ್ಲಿ ಸೆರಾಮಿಕ್ ರಿಂಗ್ ಜಾಸ್ತಿ ತುಂಬಿ. ಸಮುದ್ರದಿಂದ ಕಿತ್ತ ಹವಳದ ಕಲ್ಲು ಕಡಿಮೆ ಬೆಲೆಗೆ ಕೊಡ್ತೀನಿ ಅಂದರೆ ದೂರ ಇರಿ. ಗಟ್ಟಿ ಹವಳಕ್ಕೂ ಕಡಲಕುದುರೆಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೇಸ್ ನಿಮ್ಮ ಮೇಲೆ ಬೀಳುತ್ತದೆ.

ತಾಮ್ರದ ಮಾತು ಬಂತು ಅಂತ ಇನ್ನೊಂದು: ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಕೊಡುವ ಔಷಧಿಗಳಲ್ಲಿ ಹಲವಕ್ಕೆ ತಾಮ್ರವೇ ಆಧಾರ. ಅದನ್ನು ಈ ಟ್ಯಾಂಕಿಗೆ ಸುರಿಯಬೇಡಿ, ಕಲ್ಲು ಅದನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತಿರುತ್ತದೆ. ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲೇ ಔಷಧಿ ಕೊಡಿ.