ಕೊಡಗಿನ ಹಳ್ಳಿಯಲ್ಲಿ ಸ್ಟೋಮಾ ಬ್ಯಾಗ್: ವಿಡಿಯೋ ಕಾಲ್‌ನಲ್ಲಿ ನರ್ಸ್ ನೋಡಿದರೆ ಸಾಕಾ?

ಅಪ್ಪನಿಗೆ ಇಲಿಯೊಸ್ಟೊಮಿ ಆಗಿದೆ, ನರ್ಸ್ ವಿಡಿಯೋ ಕಾಲ್‌ನಲ್ಲಿ ನೋಡಿದರೆ ಸಾಕಾ, ಮನೆಗೇ ಒಬ್ಬರನ್ನು ಇಡಬೇಕಾ ಅಂತ ಕೇಳಿದ್ದೀರಿ. ಇಲಿಯೊಸ್ಟೊಮಿ ಅಂದರೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಬಾಯಿ ಮಾಡುವ ಆಪರೇಷನ್. ಆ ಬಾಯಿಯೇ ಸ್ಟೋಮಾ, ಅದರ ಮೇಲೆ ಅಂಟಿಸುವ ಬ್ಯಾಗಿನಲ್ಲಿ ಮಲ ಸೇರುತ್ತದೆ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ತಿರುಗಿದ್ದೆ. ನಮ್ಮದು ನಾಪೋಕ್ಲು ಹತ್ತಿರ. ಮೈಸೂರಿನಲ್ಲಿ ಅಮ್ಮನಿಗೆ ಇದೇ ಆಪರೇಷನ್ ಮುಗಿಸಿ ಮನೆಗೆ ಬರುವಾಗ ಮಳೆ ಹಿಡಿದಿತ್ತು.

ಸ್ಟೋಮಾ ನರ್ಸ್ ವಾರಕ್ಕೊಮ್ಮೆ ವಿಡಿಯೋದಲ್ಲಿ ಸಿಗುತ್ತಿದ್ದರು. ಆದರೆ ನಮ್ಮನೆಯಲ್ಲಿ ನೆಟ್‌ವರ್ಕ್ ಬರುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ತೋಟದ ಕೆಲಸದವರು ಓಡಾಡುವ ಜಾಗ. ಅಲ್ಲಿ ಬ್ಯಾಗ್ ಬಿಚ್ಚಲು ಅಮ್ಮ ಒಪ್ಪಲಿಲ್ಲ. ಸೆರಗು ಸರಿಸಿ, ಅಂಟಿಸಿದ ಬ್ಯಾಗನ್ನೇ ತೋರಿಸಿದೆ. ಚೆನ್ನಾಗಿ ಕೂತಿದೆ ಅಂದರು.

ತಪ್ಪಿದ್ದು ಅಲ್ಲೇ. ಆಪರೇಷನ್ ಆದ ಮೇಲೆ 6ರಿಂದ 8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ನಾನು ಡಿಸ್ಚಾರ್ಜ್ ದಿನ ಕೊಟ್ಟ 35 ಮಿಲಿಮೀಟರ್ ಅಳತೆಗೇ, ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತು ಕತ್ತರಿಸುತ್ತಿದ್ದೆ. ಸ್ಟೋಮಾ ಆಗಲೇ 28ಕ್ಕೆ ಇಳಿದಿತ್ತು. ತೂತು ಅದಕ್ಕಿಂತ 2-3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಜಾಸ್ತಿಯಾದರೆ ಸಂದಿಯಲ್ಲಿ ಸಣ್ಣ ಕರುಳಿನ ನೀರು ನಿಲ್ಲುತ್ತದೆ. ಊಟ ಕರಗಿಸುವ ರಸ ಅದು, ಚರ್ಮವನ್ನೂ ತಿನ್ನುತ್ತದೆ. ಬ್ಯಾಗ್ ಬದಲಿಸುವಾಗ ಕೆಂಪಗಿದ್ದದ್ದು ನನಗೆ ಕಾಣುತ್ತಿತ್ತು. ಅಂಟು ಕಿತ್ತದ್ದಕ್ಕೆ ಹಾಗಾಗಿದೆ ಅಂದುಕೊಂಡೆ. ನರ್ಸ್‌ಗೆ ಹೇಳಲೇ ಇಲ್ಲ. ಅಮ್ಮ "ಉರೀತದೆ ಮಗಾ" ಅಂದಾಗಲೂ ಹೇಳಲಿಲ್ಲ. ನಾಲ್ಕನೇ ವಾರ ಚರ್ಮ ಕಿತ್ತು ಒಸರಲು ಶುರುವಾಯಿತು. ಒದ್ದೆ ಚರ್ಮಕ್ಕೆ ಪ್ಲೇಟ್ ಹಿಡಿಯಲಿಲ್ಲ. ದಿನಕ್ಕೆ ಮೂರು ಬ್ಯಾಗ್ ಹೋಯಿತು. ಆ ಮಳೆಯಲ್ಲಿ ಮತ್ತೆ ಮೈಸೂರಿಗೆ ಓಡಿದೆವು.

ಆಮೇಲೆ ಹೀಗೆ ಮಾಡಿದೆವು. ಬೆಳಿಗ್ಗೆ ಕಾಫಿಗೂ ಮೊದಲು, ಹೊಟ್ಟೆ ಖಾಲಿ ಇರುವಾಗ, ಒಳಗಿನ ಕೋಣೆಯ ಕಿಟಕಿ ಪಕ್ಕ ಬ್ಯಾಗ್ ಬಿಚ್ಚುವುದು. ಬರೀ ನೀರಲ್ಲಿ ಒರೆಸಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ಒಂದು ಫೋಟೋ. ಕಿತ್ತ ಪ್ಲೇಟನ್ನು ಮಗುಚಿ ಅದರ ಹಿಂಬದಿಯದ್ದು ಇನ್ನೊಂದು. ಜಗಲಿಗೆ ಬಂದು ಎರಡನ್ನೂ ಕಳಿಸಿ ಫೋನಲ್ಲಿ ಮಾತಾಡುವುದು. ಹಿಂಬದಿಯ ಕಲೆ ನೋಡಿಯೇ ಎಲ್ಲಿ ಜಿನುಗುತ್ತಿದೆ ಅಂತ ನರ್ಸ್ ಹೇಳಿಬಿಡುತ್ತಿದ್ದರು. ವಿಡಿಯೋನೇ ಬೇಕಾಗಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮನೆಗೆ ಬರುವ ಹೋಮ್ ನರ್ಸ್‌ಗೆ ಸ್ಟೋಮಾ ಕೆಲಸ ಗೊತ್ತೇ ಇರುತ್ತದೆ ಅನ್ನೋಕಾಗಲ್ಲ. ನೀವೇ ಕಲಿಯಿರಿ. ಡಿಸ್ಚಾರ್ಜ್‌ಗೆ ಮೊದಲು ನರ್ಸ್ ಎದುರೇ ಎರಡು ಸಲ ಬ್ಯಾಗ್ ಬದಲಿಸಿ. ಮನೆಗೆ ಬಂದಾಗಿದ್ದರೆ ಮುಂದಿನ ಚೆಕಪ್‌ನಲ್ಲಾದರೂ ಮಾಡಿ ತೋರಿಸಿ.

ಸ್ಟೋಮಾ ಕಪ್ಪಾದರೆ, ಹೊಟ್ಟೆನೋವು ವಾಂತಿ ಜೊತೆ ಬ್ಯಾಗಿಗೆ ಏನೂ ಬಾರದಿದ್ದರೆ, ಬ್ಯಾಗಿಗೆ ಬರೀ ನೀರಾಗಿ ಹೋಗಿ ತಲೆ ತಿರುಗಿದರೆ ಫೋಟೋ ತೆಗೆಯುತ್ತಾ ಕೂರಬೇಡಿ. ಸೀದಾ ಮಡಿಕೇರಿ ಆಸ್ಪತ್ರೆಗೆ ಹೊರಡಿ.