"ಹುಳಕ್ಕೆ ಜ್ವರ" ಅಂದ ಮಗು, ರೆಕಾರ್ಡಲ್ಲಿ ಏನಂತ ಬರೀಲಿ?

ಪ್ರಶ್ನೆ: ಮೇಡಂ ನಮಸ್ತೆ. ನಾನು ಡಿ.ಎಡ್ ಮೊದಲನೇ ವರ್ಷ, ಶಿಡ್ಲಘಟ್ಟ ಹತ್ರ ಹಳ್ಳಿ. ಒಂದು ಮಗುನ ಮೂರು ವಾರ ಗಮನಿಸಿ ರೆಕಾರ್ಡ್ ಬರೀಬೇಕಿತ್ತು, ನಮ್ಮಣ್ಣನ ಮಗಳನ್ನೇ ತಗೊಂಡೆ, 3 ವರ್ಷ 4 ತಿಂಗಳು. ಮನೇಲಿ ರೇಷ್ಮೆ ಹುಳ ಸಾಕ್ತೀವಿ, ಹುಳ ಜ್ವರಕ್ಕೆ ಕೂತಿದ್ದಾಗ ಇವಳು ಬಂದು "ಹುಳಕ್ಕೆ ಜ್ವರ, ಊಟ ಸೇರಲ್ಲ, ಮಾತ್ರೆ ಕೊಡು" ಅಂದ್ಳು. ಮಕ್ಕಳ ಮನೋವಿಜ್ಞಾನಿ ಪಿಯಾಜೆ ಹೇಳಿದ ಆನಿಮಿಸಂ ಅಂತ ಬರೆದೆ. ಆಮೇಲೆ ಹುಳ ಮುಟ್ಟಿ "ಬಿಸಿ ಇಲ್ಲ" ಅಂದ್ಳು, ಅಜ್ಜಿ ಕೈ ತೆಗಿ ಅಂತ ಬೈದ್ರು. ಸೊಪ್ಪು ಜೋಡಿಸ್ತಾ ಒಬ್ಬಳೇ ಮಾತಾಡ್ಕೋತಾಳೆ, ಅದಕ್ಕೆ ಅಹಂಕೇಂದ್ರಿತ ಮಾತು ಅಂತ ಹಾಕಿದೆ. "ಕೊಟ್ಟೆ" ಅನ್ನೋ ಬದಲು "ಕೊಡ್ದೆ" ಅಂತಾಳೆ, ಅದು ಭಾಷಾ ದೋಷ ಅಂದೆ. ಲೋಟದ ಹಾಲನ್ನ ಉದ್ದ ಗ್ಲಾಸಿಗೆ ಹಾಕಿದ್ರೆ ಜಾಸ್ತಿ ಆಯ್ತು ಅಂತಾಳೆ. ಸರ್ ಮಾತ್ರ ಕೆಂಪು ಪೆನ್ನಲ್ಲಿ "ಗಮನಿಸಿದ್ದಕ್ಕೂ ಸಿದ್ಧಾಂತಕ್ಕೂ ಸಂಬಂಧ ಕಾಣ್ತಿಲ್ಲ" ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಎಲ್ಲರ ಹೆಸರೂ ಬರೆದಿದ್ದೀನಲ್ಲ ಮೇಡಂ, ಇನ್ನೇನು ಬೇಕು?
ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನೋಡಮ್ಮ, ನೀನು ನೋಡಿರೋದು ತುಂಬಾ ಚೆನ್ನಾಗಿದೆ, ಹೆಸರು ಹಚ್ಚೋಕೆ ಅವಸರ ಮಾಡಿದ್ದೀಯ ಅಷ್ಟೇ. ಸಿದ್ಧಾಂತ ಅನ್ನೋದು ಡಬ್ಬಿ ಮೇಲೆ ಅಂಟಿಸೋ ಚೀಟಿ ಅಲ್ಲ, ಇನ್ನೊಂದು ಸಲ ಎಲ್ಲಿ ನೋಡ್ಬೇಕು ಅಂತ ಹೇಳಿಕೊಡೋದು ಅದು.

ಮೊದಲು ಹುಳದ ವಿಷಯ ತಗೋ, ನಿನ್ನ ರೆಕಾರ್ಡಲ್ಲಿ ಬಂಗಾರದಂಥದ್ದು ಅದೇ. ಆನಿಮಿಸಂ ಅಂದ್ರೆ ಜೀವ ಇಲ್ಲದ್ದಕ್ಕೆ ಜೀವ ಇದೆ ಅಂದ್ಕೊಳ್ಳೋದು, ಕಲ್ಲು ಎಡವಿ ಬಿದ್ದು "ಕಲ್ಲು ನನ್ನ ಹೊಡೀತು" ಅನ್ನೋ ಥರ. ರೇಷ್ಮೆ ಹುಳಕ್ಕೆ ಜೀವ ಇದ್ದೇ ಇದೆಯಲ್ಲ. ಇನ್ನು ಜ್ವರ ಅನ್ನೋ ಮಾತು ಮಗು ಕಟ್ಟಿದ್ದೂ ಅಲ್ಲ, ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ತಿನ್ನದೆ ತಲೆ ಎತ್ಕೊಂಡು ಸುಮ್ಮನೆ ಕೂತ್ಕೊಳ್ಳೋದನ್ನ ದೊಡ್ಡವರೇ ಜ್ವರ ಅಂತಾರೆ, ನಾಲ್ಕು ಸಲ ಬರುತ್ತೆ, ನಿಂಗೇ ಚೆನ್ನಾಗಿ ಗೊತ್ತು. ಮಗು ಆ ಮಾತು ಕೇಳಿಸ್ಕೊಂಡಿದೆ, ತನಗೆ ಜ್ವರ ಬಂದಾಗ ಊಟ ಸೇರದೆ ಇದ್ದಿದ್ದು, ಮಾತ್ರೆ ನುಂಗಿದ್ದು ನೆನಪಿದೆ, ಎರಡನ್ನೂ ಕೂಡಿಸಿದೆ. ಹೊಸದನ್ನ ತನಗೆ ಗೊತ್ತಿರೋ ಹಳೇ ಅಚ್ಚಿಗೆ ಹಾಕಿ ಅರ್ಥ ಮಾಡ್ಕೊಳ್ಳೋ ಇದನ್ನೇ ಪಿಯಾಜೆ ಅಸಿಮಿಲೇಷನ್ ಅಂದಿದ್ದು.

ಅದಾದ್ಮೇಲೆ ಅವಳು ಮಾಡಿದ್ದು ನೋಡು, ನಿಜಕ್ಕೂ ಜ್ವರ ಇದ್ಯಾ ಅಂತ ಮುಟ್ಟಿ ನೋಡಿದ್ಳು! ನಿಮ್ಮತ್ತಿಗೆ ಅವಳ ಹಣೆ ಮುಟ್ಟಿ ನೋಡ್ತಾರಲ್ಲ ಹಾಗೇ. ಬಿಸಿ ಇಲ್ಲ ಅಂತ ಗೊತ್ತಾಯ್ತು, ಈಗ ಅವಳ ಹಳೇ ಅಚ್ಚಿಗೂ ಹುಳಕ್ಕೂ ಹೊಂದ್ತಾ ಇಲ್ಲ, ಇಲ್ಲಿಂದ ಅವಳು ತನ್ನ ಅರ್ಥನ ಬದಲಾಯಿಸ್ಕೊಂಡ್ರೆ ಅದು ಅಕಾಮಡೇಷನ್. ಬದಲಾಯಿಸ್ಕೊಂಡ್ಳಾ? ನೀನು ಬರೆದಿಲ್ಲ. ಹುಳ ಜ್ವರದಿಂದ ಎದ್ದು ಮತ್ತೆ ಸೊಪ್ಪು ತಿನ್ನೋಕೆ ಶುರು ಮಾಡಿದಾಗ ಏನಂದ್ಳು ಅನ್ನೋದು ಬೇಕಿತ್ತು, ನಿಮ್ಮ ಸರ್ ಕೇಳ್ತಿರೋ ಸಂಬಂಧ ಇದೇ ಅಂತ ನನಗನ್ನಿಸುತ್ತೆ. ಅಜ್ಜಿ ಬೈದ್ರಲ್ಲ, ಅದನ್ನ ಎರಿಕ್‌ಸನ್ ಅನ್ನೋ ಮನೋವಿಜ್ಞಾನಿ ಹೇಳಿದ ಉಪಕ್ರಮ ಮತ್ತು ತಪ್ಪಿತಸ್ಥ ಭಾವದ ಹಂತಕ್ಕೆ (ಮಗು ತಾನಾಗೇ ಮುಂದೆ ಹೋಗಿ ಏನಾದ್ರೂ ಮಾಡೋದು, ಬೈತಾನೇ ಇದ್ರೆ ತಾನೇ ತಪ್ಪು ಅಂದ್ಕೊಳ್ಳೋದು) ಜೋಡಿಸೋ ಆಸೆ ಆಗುತ್ತೆ, ಆದ್ರೆ ಒಂದು ಸಲ ಬೈದಿದ್ದಕ್ಕೆ ಅಷ್ಟು ದೂರ ಹೋಗ್ಬೇಡ. ಮುಂದಿನ ಸಲ ಮುಟ್ಟೋಕೆ ಮುಂಚೆ ಅಜ್ಜಿ ಮುಖ ನೋಡ್ತಾಳಾ, "ಮುಟ್ಲಾ" ಅಂತ ಕೇಳ್ತಾಳಾ, ಅದನ್ನ ಬರ್ಕೋ.

ಒಬ್ಬಳೇ ಮಾತಾಡೋದಕ್ಕೆ ಬರೋಣ. ಪಿಯಾಜೆ 1923ರ ಪುಸ್ತಕದಲ್ಲಿ ಇದಕ್ಕೆ ಅಹಂಕೇಂದ್ರಿತ ಮಾತು ಅಂದ್ರು, ಕೇಳೋರ ದೃಷ್ಟಿ ಮಗುವಿಗೆ ಇನ್ನೂ ಸಿಕ್ಕಿಲ್ಲ, ಬೆಳೀತಾ ಬೆಳೀತಾ ಹೋಗುತ್ತೆ ಅನ್ನೋದು ಅವರ ವಾದ. ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ಒಪ್ಪಲಿಲ್ಲ. ಮಗು ತನ್ನ ಕೆಲಸನ ತಾನೇ ಮಾತಿಂದ ನಡೆಸ್ಕೊಳ್ಳುತ್ತೆ, ಮುಂದೆ ಈ ಮಾತೇ ಒಳಗೆ ಹೋಗಿ ಯೋಚನೆ ಆಗುತ್ತೆ ಅಂದ್ರು. ಮಗುವಿನ ಕೆಲಸಕ್ಕೆ ಬೇಕಂತಲೇ ಒಂದು ತೊಡಕು ಇಟ್ಟು ನೋಡಿದ್ರು, ಇಂಥ ಮಾತು ಜಾಸ್ತಿ ಆಯ್ತು. ನಿನ್ನ ಮನೇಲೇ ನೋಡಬಹುದು ಇದನ್ನ, ಸೊಪ್ಪು ಸುಮ್ನೆ ಹರಡುವಾಗ ಎಷ್ಟು ಮಾತಾಡ್ತಾಳೆ, ದೊಡ್ಡದು ಚಿಕ್ಕದು ಬೇರೆ ಮಾಡು ಅಂದಾಗ ಎಷ್ಟು ಮಾತಾಡ್ತಾಳೆ, ಎಣಿಸಿ ಬರಿ. ಎರಡನೇದ್ರಲ್ಲಿ ಜಾಸ್ತಿ ಇದ್ರೆ ವೈಗೋಟ್‌ಸ್ಕಿ ಕಡೆ ವಾಲುತ್ತೆ. ಇನ್ನೊಂದು, ನಿಮ್ಮ ಕಡೆ ಎಷ್ಟೋ ಮನೇಲಿ ಅಜ್ಜಿ ಹತ್ರ ತೆಲುಗು, ಅಪ್ಪ ಅಮ್ಮನ ಹತ್ರ ಕನ್ನಡ, ನಿಮ್ಮನೇಲೂ ಹಾಗಿದ್ರೆ ಆ ಮಗು ಎದುರಿಗೆ ಯಾರಿದ್ದಾರೆ ಅಂತ ನೋಡಿ ಭಾಷೆನೇ ಬದಲಾಯಿಸ್ತಿದೆ, ಅದಕ್ಕೆ ಕೇಳೋರ ಪರಿವೆ ಇಲ್ಲ ಅಂತ ಹೇಗೆ ಬರೀತೀಯ? 1973ರಲ್ಲಿ ಶಾಟ್ಜ್ ಮತ್ತು ಗೆಲ್ಮನ್ ಅನ್ನೋರು 4 ವರ್ಷದ ಮಕ್ಕಳೂ 2 ವರ್ಷದ ಮಗು ಹತ್ರ ಮಾತಾಡುವಾಗ ವಾಕ್ಯ ಚಿಕ್ಕದು ಮಾಡ್ಕೋತಾರೆ ಅಂತ ತೋರಿಸಿದ್ದಾರೆ.

"ಕೊಡ್ದೆ" ಅನ್ನೋದನ್ನ ದೋಷ ಅಂದಿದ್ದು ನಂಗೆ ನೋವಾಯ್ತು. ಆಡು ಆಡ್ದೆ, ನೋಡು ನೋಡ್ದೆ, ಹಾಗಾದ್ರೆ ಕೊಡು ಕೊಡ್ದೆ, ಲೆಕ್ಕ ಸರಿಯಾಗೇ ಇದೆಯಲ್ಲ! ದೊಡ್ಡವರ ಬಾಯಲ್ಲಿ "ಕೊಟ್ಟೆ" ಅನ್ನೋ ಅರ್ಥಕ್ಕೆ ಆ ಮಾತು ಕೇಳಿರೋಕೆ ಸಾಧ್ಯ ಇಲ್ಲ, ಅಂದ್ರೆ ಅವಳು ಬರೀ ಅನುಕರಣೆ ಮಾಡ್ತಿಲ್ಲ, ಯಾರೂ ಹೇಳಿಕೊಡದೆ ಒಂದು ನಿಯಮ ಹಿಡಿದಿದ್ದಾಳೆ. ಜೀನ್ ಬರ್ಕೋ ಅನ್ನೋರು 1958ರಲ್ಲಿ ಇಂಗ್ಲಿಷ್ ಮಕ್ಕಳಿಗೆ ಅರ್ಥನೇ ಇಲ್ಲದ ಹೊಸ ಪದ ಕೊಟ್ಟು ಬಹುವಚನ ಹೇಳ್ಸಿದ್ರು, ಯಾವತ್ತೂ ಕೇಳಿರದ ಪದಕ್ಕೂ ಮಕ್ಕಳು ನಿಯಮ ಹಚ್ಚಿದ್ರು. "ಬಂದೆ"ಗೆ "ಬರ್ದೆ", "ತಂದೆ"ಗೆ "ತರ್ದೆ" ಅಂತಾಳಾ ಕೇಳಿಸ್ಕೋ. ಮೂರೂ ಸಿಕ್ಕಿದ್ರೆ ಒಂದು ಪುಟ ಆಗುತ್ತೆ.

ಹಾಲಿನದು ಈ ವಯಸ್ಸಿಗೆ ಸಹಜ, ಪಿಯಾಜೆ 2ರಿಂದ 7 ವರ್ಷದ ಹಂತದಲ್ಲೇ ಅದನ್ನ ಹೇಳಿದ್ದಾರೆ, ಎತ್ತರ ಒಂದೇ ಕಣ್ಣಿಗೆ ಬೀಳುತ್ತೆ, ಅಗಲ ಬೀಳಲ್ಲ. ಮಗು ದಡ್ಡಿ ಅಂತ ಮನೆಯವರು ಯಾರಾದ್ರೂ ಅಂದ್ರೆ ಇದನ್ನ ಹೇಳು.

ಬರೆಯೋ ರೀತಿ ಬಗ್ಗೆ ಒಂದು ಮಾತು. ತುಂಬಾ ಹಿಂದೆ ಮುಳಬಾಗಿಲು ಕಡೆ ಒಂದು ಅಂಗನವಾಡೀಲಿ ಕೂತು ನಾನೂ ಹೀಗೇ ಬರೀತಿದ್ದೆ, ಒಬ್ಬ ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಚ್ಚೋಕೆ ಒಪ್ಪಲೇ ಇಲ್ಲ, "ಹಠಮಾರಿ" ಅಂತ ಬರೆದೆ, ಮಧ್ಯಾಹ್ನ ಸಹಾಯಕಿ ಅವನ ಚಪ್ಪಲಿ ಬಿಚ್ಚಿದಾಗ ನೋಡಿದ್ರೆ ಹಿಮ್ಮಡಿ ಒಡೆದು ಬಟ್ಟೆ ಕಟ್ಟಿದ್ರು. ಆ ಹಾಳೆ ಇನ್ನೂ ನನ್ನ ಹತ್ರ ಇದೆ. ಅವತ್ತಿಂದ ಹಾಳೆ ನಡುವೆ ಗೀಟು ಎಳೀತೀನಿ, ಎಡಗಡೆ ಕಣ್ಣಿಗೆ ಕಂಡಿದ್ದು ಕಿವಿಗೆ ಕೇಳಿದ್ದು ಮಾತ್ರ, ಬಲಗಡೆ ನನಗನ್ನಿಸಿದ್ದು, ಸಿದ್ಧಾಂತ ಬರೋದು ಬಲಗಡೆಗೆ. ಪಿಯಾಜೆ ತನ್ನ ಮೂರು ಮಕ್ಕಳನ್ನ, 1925, 1927, 1931ರಲ್ಲಿ ಹುಟ್ಟಿದವರನ್ನ, ಗಮನಿಸಿದಾಗ ವಯಸ್ಸನ್ನ ವರ್ಷ, ತಿಂಗಳು, ದಿನದ ಲೆಕ್ಕದಲ್ಲಿ ಬರೀತಿದ್ರು, ನೀನೂ ದಿನ ಹಾಕು, ಬೆಳಗ್ಗೆನಾ ಸಂಜೆನಾ, ಹತ್ರ ಯಾರಿದ್ರು ಅದೂ ಹಾಕು.

ಈಗಿರೋ ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟ ಮೇಲೆ ಅವಳನ್ನ ಕರ್ಕೊಂಡು ಹೋಗಿ ಗೂಡು ತೋರಿಸಿ "ಹುಳ ಎಲ್ಲೋಯ್ತು" ಅಂತ ಒಂದೇ ಒಂದು ಪ್ರಶ್ನೆ ಕೇಳು, ಉತ್ತರ ನೀನು ಹೇಳಿಕೊಡಬೇಡ, ಅವಳು ಏನಂದ್ರೂ ಅದೇ ಮಾತಲ್ಲಿ ಎಡಗಡೆ ಬರ್ಕೋ, ತೆಲುಗಲ್ಲಿ ಅಂದ್ರೆ ತೆಲುಗಲ್ಲೇ.