ಫೈಲಿನ ಮೇಲಿನ ದೊಡ್ಡ ‘ಎ’

ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರು. ವಯಸ್ಸು ಅರವತ್ತರ ಹತ್ತಿರ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಅವರಿಗೆ ಜಠರದ ಕ್ಯಾನ್ಸರ್. ಆಪರೇಷನ್‌ಗೆ ಮೊದಲು ನಾಲ್ಕು ಕೀಮೋ ಆಗಬೇಕಿತ್ತು, ಎರಡು ಆಗಿತ್ತು. ಮೂರನೆಯದಕ್ಕೆ ಬರಲ್ಲ ಎಂದು ಹಟ ಹಿಡಿದಿದ್ದರು. ಹೆಂಡತಿ, ಮಗ ಸೇರಿ ಸಲಹೆಗೆಂದು ನನ್ನ ಹತ್ತಿರ ಕರೆತಂದರು.

‘ನಂದು ಎ ಪಾಸಿಟಿವ್ ಮೇಡಂ. ಈ ರಕ್ತದವರು ಉಳಿಯಲ್ಲವಂತೆ. ಸುಮ್ನೆ ಯಾಕೆ ದುಡ್ಡು ಸುರೀಬೇಕು?’

ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದರು. ಅದಕ್ಕೆ ಸರಿಯಾಗಿ ಷಡ್ಕನದು ಓ ಗುಂಪು, ಅವರು ಕರುಳಿನ ಕ್ಯಾನ್ಸರ್‌ನಿಂದ ಗುಣವಾಗಿ ಓಡಾಡುತ್ತಿದ್ದಾರೆ. ಹೆಂಡತಿ ಮೆಲ್ಲಗೆ ಕೇಳಿದರು: ‘ಇವರಿಗೂ ಓ ರಕ್ತ ಏರಿಸಿದ್ರೆ ಆಗಲ್ವಾ?’

ನಗುವ ಪ್ರಶ್ನೆಯಲ್ಲ ಅದು. ಏರಿಸಿದ ಕೆಂಪುಕಣ ಹೆಚ್ಚೆಂದರೆ ನಾಲ್ಕು ತಿಂಗಳು ಬದುಕುತ್ತದೆ, ಗುಂಪು ಬದಲಾಗಲ್ಲ ಎಂದೆ. ಎ ಅನ್ನುವ ಗುರುತು ರಕ್ತದಲ್ಲಷ್ಟೇ ಇಲ್ಲ, ಹೊಟ್ಟೆಯ ಒಳಪದರದ ಜೀವಕೋಶಗಳ ಮೇಲೂ ಇರುತ್ತದೆ ಅಂತಲೂ ಹೇಳಿದೆ.

ಅವರ ಫೈಲ್ ಮೇಜಿನ ಮೇಲಿತ್ತು. ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಎ’, ಪಕ್ಕದಲ್ಲಿ ಕೂಡಿಸುವ ಗುರುತು. ಇಡೀ ಫೈಲಿನಲ್ಲಿ ಅಷ್ಟು ದೊಡ್ಡ ಅಕ್ಷರ ಇನ್ನೊಂದಿಲ್ಲ. ರೋಗ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ದುಗ್ಧಗ್ರಂಥಿಗಳಿಗೆ ಹಬ್ಬಿದೆ ಅನ್ನುವುದು ಒಳಗೆ ಸ್ಕ್ಯಾನ್ ವರದಿಯಲ್ಲಿ ಸಣ್ಣಕ್ಷರದಲ್ಲಿತ್ತು. ಅದನ್ನು ಇವರಿಗೆ ಯಾರೂ ಓದಿ ಹೇಳಿರಲಿಲ್ಲ. ಮನುಷ್ಯ ಕಣ್ಣಿಗೆ ಕಂಡದ್ದನ್ನೇ ಹಿಡಿದುಕೊಂಡ.

ವಿಡಿಯೋ ಪೂರ್ತಿ ಸುಳ್ಳು ಅಂತ ನಾನು ಹೇಳಲಿಲ್ಲ. ಸುಳ್ಳು ಅಂದಿದ್ದರೆ ನಾಳೆ ಇನ್ನೊಂದು ವಿಡಿಯೋ ತರುತ್ತಿದ್ದರು. ಎ ಗುಂಪಿನವರಲ್ಲಿ ಜಠರದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಎಂದು ಬ್ರಿಟನ್ನಿನ ವೈದ್ಯರು 1953ರಲ್ಲೇ ಬರೆದಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಓ ಗುಂಪಿನವರಿಗೆ ಕಡಿಮೆ ಎಂದು ಅಮೆರಿಕದ ಅಧ್ಯಯನವೊಂದು 2009ರಲ್ಲಿ ತೋರಿಸಿತು. ಆದರೆ ಇವೆಲ್ಲ ಕಾಯಿಲೆ ಬರುವ ಲೆಕ್ಕ. ಬಂದ ಮೇಲೆ ಉಳಿಯುವ ಲೆಕ್ಕ ಬೇರೆ. ಅಲ್ಲಿ ಒಂದು ಅಧ್ಯಯನ ಹೀಗೆ ಹೇಳಿದರೆ ಇನ್ನೊಂದು ಹಾಗೆ ಹೇಳುತ್ತದೆ. ಹಂತ ಅಳೆಯುವಾಗ ಡಾಕ್ಟರ್ ನೋಡುವುದು ಗೆಡ್ಡೆ, ಗ್ರಂಥಿ, ಬೇರೆ ಅಂಗ. ಗುಂಪಿಗೆ ಅಲ್ಲಿ ಜಾಗವೇ ಇಲ್ಲ.

ಅವರು ಒಪ್ಪಿದಂತೆ ಕಾಣಲಿಲ್ಲ. ಆಮೇಲೆ ಹುಳುವಿನ ಮಾತು ತೆಗೆದೆ. ‘ಒಂದೇ ಚಾಕಿ ಕೇಂದ್ರದಿಂದ ತಂದ ಹುಳು ಎರಡು ಮನೆಯಲ್ಲಿ ಒಂದೇ ಥರ ಬೆಳೆ ಕೊಡುತ್ತಾ?’

‘ಎಲ್ಲಿ ಕೊಡುತ್ತೆ? ಸೊಪ್ಪು, ಶಾಖ, ಮನೆ ತೊಳೆಯೋದು ಎಲ್ಲಾ ನೋಡ್ಬೇಕಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ಹೊತ್ತು ಸೊಪ್ಪು ತಪ್ಪಿದ್ರೂ ಗೂಡು ತೆಳ್ಳಗಾಗುತ್ತೆ’ ಅಂದರು. (ಹುಳು ಪೊರೆ ಬಿಡುವುದಕ್ಕೆ ಅವರು ಜ್ವರ ಅನ್ನುತ್ತಾರೆ.) ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಷಡ್ಕನ ವಿಷಯ ಮಗನೇ ಬಿಡಿಸಿ ಹೇಳಿದ. ಅವರ ರೋಗ ಬೇರೆ, ಸಿಕ್ಕಿದ್ದೂ ಬೇಗ. ‘ಬೇಗ’ ಅನ್ನುವಾಗ ಅವನ ದನಿ ಇಳಿಯಿತು. ನಿಜವಾದ ಗಂಟು ಇಲ್ಲಿದೆ ಅನ್ನಿಸಿ ಅವನನ್ನು ಬೇರೆ ಕೂರಿಸಿ ಮಾತಾಡಿದೆ. ಅಪ್ಪ ಎಂಟು ತಿಂಗಳು ಗ್ಯಾಸ್ ಮಾತ್ರೆ ನುಂಗಿದ್ದರು. ಅಮ್ಮ ಜೀರಿಗೆ ನೀರು ಕೊಟ್ಟಿದ್ದರು. ಮಗ ಬೆಂಗಳೂರಿನಲ್ಲಿದ್ದು, ಎಂಡೋಸ್ಕೋಪಿಯನ್ನು ಈ ಬೆಳೆ ಮುಗಿಯಲಿ, ಮುಂದಿನ ಬೆಳೆ ಮುಗಿಯಲಿ ಎಂದು ಮುಂದೂಡಿದ್ದ. ರಕ್ತದ ಮೇಲೆ ಹಾಕಿಬಿಟ್ಟರೆ ಯಾರ ತಪ್ಪೂ ಅಲ್ಲ, ಅಲ್ವಾ? ಆ ವಿಡಿಯೋ ಮೂವರಿಗೂ ಬೇಕಾಗಿತ್ತು. (ನಮ್ಮ ಮನೆಯಲ್ಲೂ ಅಜ್ಜಿಯ ಕಾಯಿಲೆಯನ್ನು ಹೀಗೇ ಗ್ರಹಚಾರಕ್ಕೆ ಹಾಕಿದ್ದೆವು.) ‘ಗ್ಯಾಸ್ ಥರವೇ ಕಾಣುವ ರೋಗ ಇದು, ನಿನ್ನಂತೆ ಎಷ್ಟೋ ಜನಕ್ಕೆ ಗೊತ್ತಾಗಿಲ್ಲ’ ಅಂದೆ. ಅತ್ತ. ತನ್ನದೂ ಎ ಗುಂಪು, ತನಗೂ ಬರುತ್ತಾ ಎಂದು ಕೇಳಿದ. ಗುಂಪನ್ನು ಬದಲಿಸೋಕಾಗಲ್ಲ, ಬೀಡಿ ಬಿಡಬಹುದು ಎಂದೆ. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ (ಜಠರದ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲ ಬ್ಯಾಕ್ಟೀರಿಯಾ) ಸೋಂಕು ಇದೆಯಾ ಎಂದು ಡಾಕ್ಟರನ್ನು ಕೇಳಲು ಹೇಳಿದೆ.

ಮೂವರನ್ನೂ ಕೂರಿಸಿಕೊಂಡು ಕೊಟ್ಟ ಸಲಹೆ ಇಷ್ಟು. ಮುಂದಿನ ಭೇಟಿಯಲ್ಲಿ ‘ಯಾವ ಹಂತ, ಕೀಮೋದ ಗುರಿ ಏನು’ ಎಂದು ಬಾಯಿಬಿಟ್ಟು ಕೇಳಿ, ಮಗ ಬರೆದುಕೊಳ್ಳಲಿ. ಜ್ವರ 100.4 ದಾಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಊದಿದರೆ, ಉಸಿರು ಸಿಕ್ಕಿಕೊಂಡರೆ ಆಗಲೂ ಅಷ್ಟೇ. ರಕ್ತ ಹೆಪ್ಪುಗಟ್ಟುವುದು ಕ್ಯಾನ್ಸರ್‌ನಲ್ಲಿ ಜಾಸ್ತಿ, ಓ ಅಲ್ಲದವರಲ್ಲಿ ಇನ್ನೂ ತುಸು ಜಾಸ್ತಿ. ಗುಂಪಿನ ಬಗ್ಗೆ ಚಿಂತೆ ಮಾಡಲೇಬೇಕೆಂದರೆ ಇದನ್ನು ಮಾಡಿ ಅಂದೆ. ಊಟ ಮೂರು ಹೊತ್ತು ಹೋಗದಿದ್ದರೆ ರಾಗಿ ಗಂಜಿ, ಮೊಟ್ಟೆ ಸ್ವಲ್ಪಸ್ವಲ್ಪವಾಗಿ ಆರು ಸಲ. ದುಡ್ಡಿಗೆ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಎದ್ದು ಹೊರಡುವಾಗ ಹಿರಿಯರು ಬಾಗಿಲಲ್ಲಿ ನಿಂತರು. ‘ಸೋಮವಾರ ಹುಳು ಹಣ್ಣಾಗುತ್ತೆ, ಗೂಡು ಕಟ್ಟೋ ಹೊತ್ತು. ಕೀಮೋನ ಎರಡು ದಿನ ಮುಂದಕ್ಕೆ ಹಾಕ್ಬಹುದಾ?’

ಅದನ್ನು ನಾನು ಹೇಳೋಕಾಗಲ್ಲ, ಡಾಕ್ಟರನ್ನೇ ಕೇಳಿ ಎಂದೆ. ಕೇಳಲಿಲ್ಲವಂತೆ. ಸೋಮವಾರ ಬೆಳಿಗ್ಗೆ ಹೆಂಡತಿ ಜೊತೆ ಬಸ್ಸು ಹತ್ತಿದರು. ರಜೆ ಹಾಕಿ ಬಂದ ಮಗ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಟ್ಟ.